ಗಾಳ ಸಿಕ್ಕಿಕೊಳ್ಳುವ ಜಾಗ: ಕೆರೆಗೆ ಇಳಿಸಿದ ರಿವರ್ಸ್ ಕ್ಯಾಮೆರಾದ ಪ್ರಕರಣ

ನನ್ನ ಬಾಮೈದನ ಊರು ಕೋಲಾರ ತಾಲ್ಲೂಕಿನಲ್ಲಿದೆ. ಊರ ಕೆರೆಗೆ ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ಅವನಿಗೆ ಗಾಳದ ಹುಚ್ಚು ಹತ್ತಿತು. ಭಾನುವಾರ ಬಂತೆಂದರೆ ಎರೆಹುಳದ ಡಬ್ಬಿ, ಮೈದಾ ಹಿಟ್ಟಿನ ಉಂಡೆ, ಎರಡು ಗಾಳದ ಕಡ್ಡಿ ಹಿಡಿದುಕೊಂಡು ಏರಿ ಮೇಲೆ ಕೂತುಬಿಡುತ್ತಾನೆ. ಒಂದು ಸಂಜೆ ನನ್ನ ಅಂಗಡಿಗೆ ಬಂದ. ನಾನು ಸಿಸಿಟಿವಿ ಹಾಕುವ, ರಿಪೇರಿ ಮಾಡುವ ಕೆಲಸದವನು.

"ಭಾವ, ತೂಬಿನ ಎಡಗಡೆ ಒಂದು ಜಾಗ ಇದೆ. ಅಲ್ಲಿ ಹಾಕಿದ ಗಾಳ ವಾಪಸ್ ಬರಲ್ಲ. ಹದಿನೈದು ಗಾಳ ಹೋಯ್ತು. ದೊಡ್ಡ ಮೀನೇ ಇದೆಯೋ, ಬೇರೇನೋ ಗೊತ್ತಾಗ್ತಿಲ್ಲ. ನೀವು ಕ್ಯಾಮೆರಾದವರು ಅಲ್ವಾ, ನೀರೊಳಗೆ ಒಂದು ಇಳಿಸಿ ನೋಡಿ" ಅಂದ.

ಅವನು ಕೇಳಿದ್ದು ಇಷ್ಟೇ. ಒಂದು ವಾರದ ಕೆಲಸ ಅಂದುಕೊಂಡೆ. ಎರಡೂವರೆ ತಿಂಗಳು ಹಿಡಿಯಿತು.

ಈ ಕೆರೆಯ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ, ಅಂದರೆ ಕೆ.ಸಿ. ವ್ಯಾಲಿಯ, ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ, ಪೈಪಿನಲ್ಲಿ ತಂದು ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಾರೆ. 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ನೀರು ಮುಂದಿನ ಕೆರೆಗೆ ಹೋಗುತ್ತದೆ. ಅಂತರ್ಜಲ ಏರಲಿ ಎನ್ನುವುದು ಉದ್ದೇಶ. ಅದಕ್ಕೂ ಮೊದಲು ವರ್ಷಗಟ್ಟಲೆ ಇಂಥ ಕೆರೆಗಳು ಒಣಗಿ ಬಿದ್ದಿದ್ದವು. ಅಂಗಳದಲ್ಲಿ ಜಾಲಿ ಬೆಳೆದಿತ್ತು, ಹುಡುಗರು ಕ್ರಿಕೆಟ್ ಆಡುತ್ತಿದ್ದರು, ಟ್ರ್ಯಾಕ್ಟರಿನವರು ಮಣ್ಣು ತೆಗೆದು ಗುಂಡಿ ಮಾಡಿದ್ದರು. ನೀರು ಬಂದಾಗ ಇದೆಲ್ಲ ಇದ್ದ ಹಾಗೇ ಮುಳುಗಿತು. ನನ್ನ ಬಾಮೈದನ ವಯಸ್ಸಿನವರಿಗೆ ನೀರಿರುವ ಕೆರೆಯೇ ಹೊಸದು.

ಕೆರೆಯ ಮೀನನ್ನು ಗುತ್ತಿಗೆ ಹಿಡಿದವರನ್ನು ಕೇಳದೆ ನೀರಿಗೆ ಏನೂ ಇಳಿಸಬಾರದು. ಕೇಳಿದೆವು. ಅವರ ಬಲೆಯೂ ಅದೇ ಜಾಗದಲ್ಲಿ ಎರಡು ಸಲ ಹರಿದಿತ್ತಂತೆ. ತಕ್ಷಣ ಒಪ್ಪಿದರು, ತಮ್ಮ ಹರಿಗೋಲನ್ನೂ ಕೊಡುತ್ತೇವೆ ಅಂದರು.

ಯಾವ ಕ್ಯಾಮೆರಾ?

ಬಾಮೈದ ಮೊದಲು ತಂದಿದ್ದು ವೈಫೈ ಕ್ಯಾಮೆರಾದ ಆಸೆ. ವೈರೇ ಬೇಡ, ಮೊಬೈಲಲ್ಲಿ ನೋಡಬಹುದು ಅನ್ನುವುದು ಅವನ ವಾದ. ನಾನು ವಾದ ಮಾಡಲಿಲ್ಲ. ಒಂದು ಹಳೆಯ ವೈಫೈ ಕ್ಯಾಮೆರಾವನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಬಿಗಿಯಾಗಿ ಮುಚ್ಚಿ, ಮನೆಯ ನೀರಿನ ಡ್ರಮ್ಮಿಗೆ ಮುಳುಗಿಸಿದೆ. ಗೇಣುದ್ದ ಹೋಗುವಷ್ಟರಲ್ಲಿ ಚಿತ್ರ ನಿಂತಿತು. ವೈಫೈ ಅಲೆಗಳನ್ನು ನೀರು ಕುಡಿದುಬಿಡುತ್ತದೆ. ನೀರೊಳಗಿನ ಚಿತ್ರ ಆಗಿಂದಾಗಲೇ ಬೇಕಾದರೆ ವೈರು ಬೇಕೇ ಬೇಕು.

ಆಮೇಲೆ ಮೆಕ್ಯಾನಿಕ್‌ಗಳು ಬಳಸುವ ಎಂಡೋಸ್ಕೋಪ್. ಪೆನ್ನಿನಷ್ಟು ಸಣ್ಣದು, ಮೊಬೈಲಿಗೆ ಸಿಕ್ಕಿಸಬಹುದು, ಬೆಲೆ ಕಡಿಮೆ. ಆದರೆ ಎಂಜಿನ್ನಿನ ಸಂದಿಯನ್ನು ನೋಡಲು ಮಾಡಿದ ಲೆನ್ಸ್ ಅದು. ನಾಲ್ಕೈದು ಬೆರಳು ದೂರದ್ದು ಚೆನ್ನಾಗಿ ಕಾಣುತ್ತದೆ, ಅದರಾಚೆ ಮಂಜು. ಅದನ್ನೂ ಬಿಟ್ಟೆ.

ಕೊನೆಗೆ ಆರಿಸಿದ್ದು ಕಾರಿನ ರಿವರ್ಸ್ ಕ್ಯಾಮೆರಾ. ಐದಾರು ನೂರು ರೂಪಾಯಿ. ಬಾಣಲೆಯಂತೆ ಅಗಲವಾಗಿ ನೋಡುತ್ತದೆ, ಹತ್ತಿರದ್ದು ದೂರದ್ದು ಎರಡೂ ತಕ್ಕಮಟ್ಟಿಗೆ ಸ್ಪಷ್ಟ, 12 ವೋಲ್ಟಿನಲ್ಲಿ ನಡೆಯುತ್ತದೆ, ಕಡಿಮೆ ಬೆಳಕಿಗೂ ಒಗ್ಗುತ್ತದೆ. ಜೊತೆಗೆ ಡ್ಯಾಶ್‌ಬೋರ್ಡಿನ ಮೇಲೆ ಇಡುವ ನಾಲ್ಕೂಕಾಲು ಇಂಚಿನ ಪರದೆ, ಒಂದು ಹಳೆ ಯುಪಿಎಸ್‌ನಿಂದ ತೆಗೆದ 7 ಆಂಪಿಯರ್ ಅವರ್ ಬ್ಯಾಟರಿ. ಇಷ್ಟಿದ್ದರೆ ಒಂದು ಹಗಲು ಪೂರ್ತಿ ನಡೆಯುತ್ತದೆ. ಒಂದೇ ತಮಾಷೆ ಅಂದರೆ ಈ ಕ್ಯಾಮೆರಾ ಕನ್ನಡಿಯ ಹಾಗೆ ಎಡ–ಬಲ ತಿರುಗಿಸಿ ತೋರಿಸುತ್ತದೆ, ಪಾರ್ಕಿಂಗ್ ಗೆರೆಗಳನ್ನೂ ಎಳೆಯುತ್ತದೆ. ಹಲವು ಮಾಡೆಲ್‌ಗಳಲ್ಲಿ ಇದಕ್ಕಾಗಿಯೇ ಎರಡು ಸಣ್ಣ ಕುಣಿಕೆ ತಂತಿ ಬಿಟ್ಟಿರುತ್ತಾರೆ. ಒಂದನ್ನು ಕತ್ತರಿಸಿದರೆ ಎಡ–ಬಲ ಸರಿಯಾಗುತ್ತದೆ, ಇನ್ನೊಂದನ್ನು ಕತ್ತರಿಸಿದರೆ ಗೆರೆ ಹೋಗುತ್ತದೆ. ಎಡ–ಬಲ ಸರಿಮಾಡಿದೆ. ಗೆರೆಗಳನ್ನು ಬೇಕಂತಲೇ ಉಳಿಸಿಕೊಂಡೆ. ಡ್ರಮ್ಮಿನಲ್ಲಿ ಒಂದು ಅಡಿ ದೂರಕ್ಕೆ ಸ್ಕೇಲ್ ಇಟ್ಟು, ಕೆಂಪು ಗೆರೆಯ ಅಗಲ ಎಷ್ಟು ಇಂಚಿಗೆ ಸಮ ಅಂತ ಬರೆದಿಟ್ಟುಕೊಂಡೆ. ಮೀನಿನ ಉದ್ದ ಊಹಿಸಲು ಅದೇ ಅಳತೆಗೋಲು ಆಯಿತು. ಈ ಅಳತೆಯನ್ನು ನೀರಲ್ಲೇ ಮಾಡಬೇಕು. ಚಪ್ಪಟೆ ಗಾಜಿನ ಮೂಲಕ ನೋಡಿದಾಗ ನೀರಲ್ಲಿರುವುದು ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ. ಗಾಳಿಯಲ್ಲಿ 120 ಡಿಗ್ರಿ ಅಗಲ ನೋಡುವ ಲೆನ್ಸು ನೀರಲ್ಲಿ 80ರ ಹತ್ತಿರಕ್ಕೆ ಇಳಿಯುತ್ತದೆ. ಮೀನು ಹಿಡಿಯುವವರ ಬಾಯಲ್ಲಿ ಮೀನು ಹೇಗೂ ದೊಡ್ಡದಾಗುತ್ತದೆ, ಕ್ಯಾಮೆರಾವೂ ಅವರ ಕಡೆಗೇ ಸಾಕ್ಷಿ ಹೇಳುತ್ತದೆ.

ಡಬ್ಬದ ಮೇಲೆ ಐಪಿ67 ಅಂತ, ನೀರು–ದೂಳು ತಡೆಯುತ್ತದೆ ಅನ್ನುವ ಗುರುತು ಬರೆದಿತ್ತು. ಹಾಗಾದರೆ ಹಾಗೇ ಇಳಿಸಬಹುದಲ್ಲ ಅಂತ ಬಾಮೈದ ಕೇಳಿದ. ಆ 7ರ ಅರ್ಥ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ, ಅಷ್ಟೇ. ನಮಗೆ ಬೇಕಿದ್ದದ್ದು ಹತ್ತು ಅಡಿ, ಇಡೀ ಬೆಳಗ್ಗೆ. ಕವಚ ಬೇಕೇ ಬೇಕು.

ಪಿವಿಸಿ ಕವಚ

75 ಮಿಲಿಮೀಟರಿನ ಪಿವಿಸಿ ಪೈಪಿನ ಗೇಣಿಗಿಂತ ಸಣ್ಣ ತುಂಡು. ಒಂದು ತುದಿಗೆ ದಪ್ಪ ಗಾಜು, ಸಿಲಿಕೋನಿನಿಂದ ಅಂಟಿಸಿದ್ದು. ಇನ್ನೊಂದು ತುದಿಗೆ ರಬ್ಬರ್ ವಾಷರ್ ಇರುವ ತಿರುಪಿನ ಮುಚ್ಚಳ, ಅದರ ನಡುವಿನ ತೂತಿನಲ್ಲಿ ವೈರು, ಸುತ್ತ ಎಂ-ಸೀಲ್. ಅಕ್ರಿಲಿಕ್ ಬದಲು ಗಾಜು ಆರಿಸಿದ್ದಕ್ಕೆ ಕಾರಣ ಇದೆ. ಸಿಲಿಕೋನ್ ಗಾಜಿಗೆ ಹಿಡಿದ ಹಾಗೆ ಅಕ್ರಿಲಿಕ್ಕಿಗೆ ಹಿಡಿಯುವುದಿಲ್ಲ. ಪೈಪಿನ ಅಂಟು ತಾಗಿದರೆ ಅಕ್ರಿಲಿಕ್ ಮೇಲೆ ಸಣ್ಣ ಸಣ್ಣ ಬಿರುಕು ಏಳುತ್ತದೆ. ಪೈಪಿನ ಅಂಚನ್ನು ಮಾತ್ರ ಉಪ್ಪುಕಾಗದದಲ್ಲಿ ಚೆನ್ನಾಗಿ ಉಜ್ಜಿ ಒರಟು ಮಾಡಿಕೊಂಡೆ. ಸಿಲಿಕೋನಿನಲ್ಲೂ ಎರಡು ಜಾತಿ. ಒಣಗುವಾಗ ಹುಳಿ ಹುಳಿ ವಾಸನೆ ಬರುವುದು ತಾಮ್ರಕ್ಕೆ, ಬೆಸುಗೆಗೆ ಒಳ್ಳೆಯದಲ್ಲ. ವಾಸನೆ ಇಲ್ಲದ ನ್ಯೂಟ್ರಲ್ ಕೇಳಿ ತರಬೇಕು.

ಹತ್ತಡಿ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 0.3 ಕೆ.ಜಿ. ಒತ್ತಡ ಇರುತ್ತದೆ. ಕಡಿಮೆ ಅನ್ನಿಸುತ್ತದೆ ಅಲ್ವಾ? ಮೂರು ಇಂಚು ಅಗಲದ ಗಾಜಿಗೆ ಲೆಕ್ಕ ಹಾಕಿದರೆ 13 ಕೆ.ಜಿ. ಆಗುತ್ತದೆ. ಅರ್ಧ ಮೂಟೆ ಸಿಮೆಂಟಿಗೂ ಕಡಿಮೆಯೇ, ಆದರೆ ಇದು ಸುತ್ತಲಿಂದ, ಒಂದು ಕ್ಷಣವೂ ಬಿಡದೆ ಒತ್ತುತ್ತಿರುತ್ತದೆ.

ಒಂದು ವಿಷಯ ಮರೆತಿದ್ದೆ. ಮೊದಲ ಸಲ ಡ್ರಮ್ಮಿಗೆ ಬಿಟ್ಟರೆ ಕವಚ ಬೆಂಡಿನ ಹಾಗೆ ತೇಲಿತು! ಕವಚ ನೀರಲ್ಲಿ ಹಿಡಿಯುವ ಜಾಗ ಸುಮಾರು 660 ಮಿಲಿಲೀಟರ್, ಅಂದರೆ ಮುಳುಗಬೇಕಾದರೆ ಒಟ್ಟು ತೂಕ 660 ಗ್ರಾಂ ದಾಟಬೇಕು. ಮನೆಯಲ್ಲಿ ಅಜ್ಜನ ಕಾಲದ ಅಂಗಡಿಯ ಒಂದು ಕೆ.ಜಿ. ತೂಕದ ಬಟ್ಟು ಬಿದ್ದಿತ್ತು. ಅದನ್ನು ಅಡಿಗೆ ಕಟ್ಟಿದೆ. ಎಳೆಯಲು ನೈಲಾನ್ ಹಗ್ಗ, ಅಡಿಗೊಂದು ಗಂಟು. ಭಾರವನ್ನು ಹಗ್ಗ ಹೊರಬೇಕು, ವೈರಲ್ಲ. ವೈರನ್ನು ಹಗ್ಗಕ್ಕೆ ಜಿಪ್ ಟೈ ಹಾಕಿ ಕಟ್ಟುತ್ತಾ ಬಂದೆ, ಬಾಲಗಳನ್ನು ಕಟ್ಟರಿನಿಂದ ಕತ್ತರಿಸಿದೆ. ಈ ಕಟ್ಟರನ್ನು ನೆನಪಿಟ್ಟುಕೊಳ್ಳಿ.

ಇಳಿಸುವ ಮುಂಚೆ ನೀರು ಎಷ್ಟು ತಿಳಿ ಇದೆ ಅಂತ ನೋಡಬೇಕಿತ್ತು. ಬಿಳಿ ತಟ್ಟೆಗೆ ಕಲ್ಲು ಕಟ್ಟಿ ದಾರದಲ್ಲಿ ಇಳಿಸಿದೆ. ತಟ್ಟೆ ಮಾಯವಾದ ಕಡೆ ದಾರಕ್ಕೆ ಗಂಟು ಹಾಕಿದೆ. ಇದು ನನ್ನ ಉಪಾಯ ಅಲ್ಲ, 1865ರಲ್ಲಿ ಇಟಲಿಯ ಪಾದ್ರಿ ಏಂಜೆಲೊ ಸೆಕ್ಕಿ ಸಮುದ್ರದಲ್ಲಿ ಹೀಗೆ ಬಿಳಿ ಬಿಲ್ಲೆ ಇಳಿಸಿ ಅಳೆದಿದ್ದರು. ನಮ್ಮ ಕೆರೆಯಲ್ಲಿ ಸಿಕ್ಕಿದ್ದು ಒಂದು ಮೊಳ, 45 ಸೆಂಟಿಮೀಟರ್. ಮೀನು ಸಾಕುವವರಿಗೆ ಇಂಥ ಹಸಿರು ನೀರು ಒಳ್ಳೆಯದೇ, ಮೀನಿಗೆ ಬೇಕಾದ ಸಣ್ಣ ಪಾಚಿ ಅದರಲ್ಲಿರುತ್ತದೆ. ಕ್ಯಾಮೆರಾಕ್ಕೆ ಅದೇ ಶತ್ರು. ಬಿಳಿ ತಟ್ಟೆಯೇ ಮೊಳದುದ್ದಕ್ಕೆ ಮಾಯವಾದರೆ ಕಂದು ಬಣ್ಣದ ಗೆಂಡೆ ಮೀನು ಇನ್ನೂ ಮುಂಚೆಯೇ ಮಾಯ. ಬಾಮೈದನಿಗೆ ಅವತ್ತೇ ಹೇಳಿದೆ: "ಟೀವಿಯಲ್ಲಿ ಸಮುದ್ರ ತೋರಿಸ್ತಾರಲ್ಲ, ಆ ಥರ ಏನೂ ಕಾಣಲ್ಲ. ಕೈ ಚಾಚಿದಷ್ಟು ದೂರ ಕಂಡರೆ ದೊಡ್ಡದು."

ಮೊದಲ ಇಳಿತ, ಮೊದಲ ಜಗಳ

ಹರಿಗೋಲಿನಲ್ಲಿ ಬ್ಯಾಟರಿ ಇಟ್ಟು ವೈರನ್ನು ನೀರಿಗೆ ಬಿಡುತ್ತಿದ್ದ ಹಾಗೆ ಏರಿ ಮೇಲಿಂದ ಕೂಗಾಟ ಶುರುವಾಯಿತು. "ಕರೆಂಟ್ ಬಿಡ್ತಿದ್ದಾರೆ, ಕರೆಂಟ್ ಬಿಡ್ತಿದ್ದಾರೆ!" ತಪ್ಪು ಅವರದ್ದಲ್ಲ. ಬ್ಯಾಟರಿ, ಇನ್ವರ್ಟರ್ ಇಟ್ಟುಕೊಂಡು ಮೀನಿಗೆ ಶಾಕ್ ಕೊಡುವ ಕಳ್ಳರು ಇದ್ದಾರೆ, ಮರಿಯಿಂದ ಹಿಡಿದು ಎಲ್ಲ ಸಾಯುತ್ತವೆ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೇ ಅಪರಾಧ. ದಡಕ್ಕೆ ಬಂದು ಪರದೆ ತೋರಿಸಿದ ಮೇಲೆ ಬೈದವರೇ ಸುತ್ತ ನಿಂತು ನೋಡತೊಡಗಿದರು. ಮುಂದೆ ಯಾರಾದರೂ ಮಾಡುವುದಾದರೆ ಊರಿನವರಿಗೆ ಮೊದಲೇ ಹೇಳಿ. ಮತ್ತೆ 12 ವೋಲ್ಟ್ ಬ್ಯಾಟರಿ ಮಾತ್ರ ಬಳಸಿ, ಮನೆಯ ಕರೆಂಟನ್ನು ಯಾವ ಕಾರಣಕ್ಕೂ ನೀರಿನ ಹತ್ತಿರ ಎಳೆಯಬೇಡಿ.

ಪರದೆಯಲ್ಲಿ ಕಂಡಿದ್ದು ಹಾಲು. ಸುಮ್ನೆ ಬಿಳೀ ಹಾಲು. ಕತ್ತಲಾದ ತಕ್ಷಣ ಲೆನ್ಸಿನ ಸುತ್ತ ಇರುವ ಸಣ್ಣ ಎಲ್‌ಇಡಿಗಳು ತಾವೇ ಹತ್ತಿಕೊಂಡಿದ್ದವು. ನಂದಿ ಬೆಟ್ಟದ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಏನಾಗುತ್ತದೆ? ಅದೇ ಆಯಿತು. ನೀರಲ್ಲಿ ತೇಲುವ ಮಣ್ಣಿನ ಕಣ, ಪಾಚಿ ಎಲ್ಲ ಬೆಳಕನ್ನು ವಾಪಸ್ ಲೆನ್ಸಿಗೇ ಎಸೆದವು. ಎಲ್‌ಇಡಿಗಳ ಮೇಲೆ ಕಪ್ಪು ಟೇಪ್ ಅಂಟಿಸಿ ಮತ್ತೆ ಇಳಿಸಿದೆವು. ಈಗ ಹಸಿರು ಮಬ್ಬು, ಅದರೊಳಗೆ ಏನೋ ಕಪ್ಪಗೆ. ಹತ್ತು ನಿಮಿಷಕ್ಕೆ ಗಾಜಿನ ಒಳಗಡೆ ಬೆವರು. ಇಪ್ಪತ್ತು ನಿಮಿಷಕ್ಕೆ ಪರದೆಯಲ್ಲಿ ಅಡ್ಡ ಗೆರೆಗಳು. ಆಮೇಲೆ ನೀಲಿ ಪರದೆ.

ಬಿಚ್ಚಿದಾಗ ಒಳಗೆ ಎರಡು ಚಮಚ ನೀರು.

ಬೆವರಿಗೆ ಉತ್ತರ ಸುಲಭ. ಮಧ್ಯಾಹ್ನದ ಬಿಸಿ ಗಾಳಿಯನ್ನು ಒಳಗೆ ಮುಚ್ಚಿ ತಣ್ಣನೆ ನೀರಿಗೆ ಇಳಿಸಿದರೆ ಗಾಜಿಗೆ ಹನಿ ಕೂತೇ ಕೂರುತ್ತದೆ. ಶೂ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಕಾಳುಗಳನ್ನು ಹೆಂಚಿನ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಬಟ್ಟೆಯಲ್ಲಿ ಕಟ್ಟಿ ಒಳಗಿಟ್ಟರೆ ಸಾಕು. ಆ ಎರಡು ಚಮಚ ನೀರು ಮಾತ್ರ ನನ್ನನ್ನು ಒಂದು ತಿಂಗಳು ಆಡಿಸಿತು.

ನೀರು ಎಲ್ಲಿಂದ ಬಂತು?

ಗಾಜಿನ ಅಂಚೇ ಇರಬೇಕು ಅಂತ ನಾನು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೆ. ನೋಡಿದರೆ ಅದೇ ದುರ್ಬಲ ಅನ್ನಿಸುತ್ತದೆ. ಕಿತ್ತು ಮತ್ತೆ ಸಿಲಿಕೋನ್ ಹಾಕಿದೆ. ಎರಡು ದಿನ ಒಣಗಿಸಿದೆ. ಈ ಸಲ ಕ್ಯಾಮೆರಾ ಇಲ್ಲದೆ, ಒಳಗೆ ಬರೀ ಕಾಗದ ತುರುಕಿ, ಮನೆಯ ಸಂಪಿಗೆ ರಾತ್ರಿಯಿಡೀ ಇಳಿಸಿದೆ. ಬೆಳಗ್ಗೆ ಕಾಗದ ಒದ್ದೆ. ಮತ್ತೊಮ್ಮೆ ಸಿಲಿಕೋನ್. ಮತ್ತೆ ಒದ್ದೆ.

ನನ್ನ ಹೆಂಡತಿ ಎರಡು ದಿನ ನೋಡಿದಳು. ಮೂರನೇ ದಿನ ಕುಂಕುಮದ ಡಬ್ಬಿ ತಂದಿಟ್ಟಳು. "ಎಲ್ಲೆಲ್ಲಿ ಅನುಮಾನ ಇದೆಯೋ ಅಲ್ಲೆಲ್ಲ ಒಳಗಡೆ ಟಿಶ್ಯೂ ಅಂಟಿಸಿ, ಮೇಲೆ ಒಣ ಕುಂಕುಮ ಉದುರಿಸಿ. ಎಲ್ಲಿ ಕುಂಕುಮ ನೀರಾಗಿ ಹರಿದಿದೆಯೋ ಅಲ್ಲಿಂದ ನೀರು ಬಂತು ಅಂತ." ನಾನು ಸಿಸಿಟಿವಿ ಮೀಟರುಗಳನ್ನೆಲ್ಲ ಇಟ್ಟುಕೊಂಡಿರುವವನು. ಇದು ಹೊಳೆದಿರಲಿಲ್ಲ.

ಬೆಳಗ್ಗೆ ತೆಗೆದರೆ ಗಾಜಿನ ಸುತ್ತ ಕುಂಕುಮ ಇಟ್ಟ ಹಾಗೇ ಇತ್ತು. ಮುಚ್ಚಳದ ರಬ್ಬರ್ ಸುತ್ತವೂ ಒಣಗಿತ್ತು. ವೈರಿನ ತುದಿಯ ಹತ್ತಿರ ಮಾತ್ರ ಕೆಂಪು ನೀರು. ಎಂ-ಸೀಲ್ ನೋಡಿದರೆ ಕಲ್ಲಿನ ಹಾಗೆ ಗಟ್ಟಿ, ಬಿರುಕಿಲ್ಲ. ನೀರು ಎಂ-ಸೀಲ್ ದಾಟಿಲ್ಲ, ವೈರಿನ ಹತ್ತಿರ ಬಂದಿದೆ. ಇದು ಹೇಗೆ ಸಾಧ್ಯ?

ಉತ್ತರ ಸಿಕ್ಕಿದ್ದು ಅಂಗಡಿ ಎದುರಿನ ಪಂಚರ್ ಅಣ್ಣನ ಹತ್ತಿರ. ಅವರು ಮುಚ್ಚಳಕ್ಕೆ ಒಂದು ಸೈಕಲ್ ಟ್ಯೂಬಿನ ವಾಲ್ವ್ ಕೂರಿಸಿಕೊಟ್ಟರು. ಕೈ ಪಂಪಿನಲ್ಲಿ ನಾಲ್ಕೇ ಸಲ ಒತ್ತಿದರು. ಕಂಪ್ರೆಸರ್ ಹಾಕಬೇಡಿ ಅಂತ ಮೊದಲೇ ಕೇಳಿಕೊಂಡಿದ್ದೆ. ಪಿವಿಸಿಗೆ ಜಾಸ್ತಿ ಗಾಳಿ ತುಂಬಿದರೆ ಸಿಡಿದು ಚೂರುಗಳು ಮುಖಕ್ಕೆ ಹಾರುತ್ತವೆ. ಕವಚವನ್ನು ಅವರ ಕಪ್ಪು ನೀರಿನ ಟಬ್ಬಿಗೆ ಮುಳುಗಿಸಿದರು. ಒಂದು ಗುಳ್ಳೆಯೂ ಇಲ್ಲ. ಆಗ ಅವರು ಹೊರಗೆ ಬಿದ್ದಿದ್ದ ವೈರನ್ನೂ ಸುತ್ತಿ ಸುತ್ತಿ ಟಬ್ಬಿಗೆ ಹಾಕಿದರು.

ಕವಚದಿಂದ ಮೂರಡಿ ಮೇಲೆ, ವೈರಿನ ಮೈಯಿಂದ, ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು.

ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಇತ್ತು. ಜಿಪ್ ಟೈ ಬಾಲ ಕತ್ತರಿಸುವಾಗ ನನ್ನದೇ ಕಟ್ಟರ್ ತಾಗಿದ್ದು. ಹೊರಗಿನ ಪದರದ ಕೆಳಗೆ, ತಾಮ್ರದ ಎಳೆಗಳ ನಡುವೆ ಖಾಲಿ ಜಾಗ ಇರುತ್ತದೆ. ಗೀರಿನಲ್ಲಿ ನುಗ್ಗಿದ ನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಎಳೆಗಳ ನಡುವೆಯೇ ಹರಿದು, ಎಂ-ಸೀಲಿನ ಒಳಗಿಂದಲೇ ಹಾದು, ಕವಚಕ್ಕೆ ಬಂದಿಳಿದಿತ್ತು. ಅದು ವೈರು ಅಂತ ನಾನು ನೋಡುತ್ತಿದ್ದೆ, ಪಂಚರ್ ಅಣ್ಣ ಅದನ್ನು ಟ್ಯೂಬ್ ಅಂತ ನೋಡಿದರು.

ದುರಸ್ತಿ ಎರಡು ಕಡೆ ಮಾಡಿದೆ. ಗೀರಿಲ್ಲದ ಹೊಸ ವೈರು ತಂದೆ, ಅದನ್ನು ಹಗ್ಗಕ್ಕೆ ದಾರದಲ್ಲಿ ಕಟ್ಟಿದೆ, ಕಟ್ಟರ್ ಮುಟ್ಟಲಿಲ್ಲ. ಎರಡನೆಯದು ಮುಖ್ಯ: ಕವಚದ ಒಳಗೆ ವೈರಿನ ಹೊರಪದರವನ್ನು ಎರಡು ಇಂಚು ಸುಲಿದು, ಒಳಗಿನ ತಂತಿಗಳನ್ನು ಬಿಡಿಬಿಡಿಯಾಗಿ ಹರಡಿದೆ. ಪ್ರತಿ ತಂತಿಯ ಮಧ್ಯೆ ಎಳೆ ಎಳೆ ತಾಮ್ರವನ್ನು ಕತ್ತರಿಸಿ ಒಂದು ಗಟ್ಟಿ ತಂತಿಯ ತುಂಡನ್ನು ಬೆಸುಗೆ ಹಾಕಿದೆ. ಅದೆಲ್ಲವನ್ನೂ ಸಣ್ಣ ಬಾಟಲಿ ಮುಚ್ಚಳದಲ್ಲಿಟ್ಟು ಅರಾಲ್ಡೈಟ್ ಅಂಟು ಸುರಿದೆ. ಈಗ ವೈರಿಗೆ ಎಲ್ಲೇ ಗಾಯವಾದರೂ ನೀರು ಆ ಗಡ್ಡೆಯ ಹತ್ತಿರ ನಿಲ್ಲಬೇಕು. ಮತ್ತೆ ಪಂಚರ್ ಟಬ್, ಮತ್ತೆ ಸಂಪು, ಮತ್ತೆ ಕುಂಕುಮ. ಮೂರು ರಾತ್ರಿ ಒಣಗಿತ್ತು.

ಬೆಳಕಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪ ಹಾಕಿದರೆ ಮೀನು ಬೆದರುವುದಿಲ್ಲ ಅಂತ ಪ್ರಯತ್ನ ಮಾಡಿದೆ. ಸಿಸಿಟಿವಿಯಲ್ಲಿ ಇಪ್ಪತ್ತು ಮೀಟರ್ ಹೋಗುವ ಆ ಬೆಳಕು ನೀರಲ್ಲಿ ಒಂದು ಗೇಣು ದಾಟುವಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ಕರಗಿಹೋಗುತ್ತದೆ. ಕೊನೆಗೆ ಒಂದಡಿ ಉದ್ದದ ಬಿದಿರು ಕಡ್ಡಿಯ ತುದಿಗೆ ಹಸಿರು ಎಲ್‌ಇಡಿ ಕಟ್ಟಿ, ಲೆನ್ಸಿನಿಂದ ಪಕ್ಕಕ್ಕೆ ದೂರ ಹಿಡಿಸಿದೆ. ಬೆಳಕು ಓರೆಯಾಗಿ ಬಿದ್ದರೆ ಹಾಲಿನ ಮಬ್ಬು ತುಂಬಾ ಕಡಿಮೆಯಾಗುತ್ತದೆ.

ತೂಬಿನ ಎಡಗಡೆ

ಎರಡನೇ ಸಲ ಬೆಳಗ್ಗೆ ಏಳಕ್ಕೇ ಹೋದೆವು, ಗಾಳಿ ಎದ್ದು ನೀರು ಕಲಕುವ ಮುಂಚೆ. ಒಂಬತ್ತನೇ ಗಂಟಿಗೆ ತಳ ಕಂಡಿತು. ಮೊದಲು ಜಾಲಿಯ ಬೊಡ್ಡೆಗಳು, ಪಾಚಿ ಹಿಡಿದು ಕುರಿಯ ಉಣ್ಣೆಯ ಹಾಗೆ. ಹರಿಗೋಲನ್ನು ನಿಧಾನ ಸರಿಸಿದೆವು. ಹಸಿರು ಮಬ್ಬಿನಿಂದ ಒಂದು ದುಂಡಗಿನ ಅಂಚು ಹೊರಬಂತು. ಎರಡಡಿ ಎತ್ತರದ ಪೈಪು. ಅದರ ಬಾಯಿಗೆ ಬಲೆಯ ತುಂಡು ಸಿಕ್ಕಿಕೊಂಡಿತ್ತು, ನೈಲಾನ್ ದಾರಗಳು ಬಿಚ್ಚಿದ ಕೂದಲಿನ ಹಾಗೆ ತೇಲುತ್ತಿದ್ದವು, ಅವುಗಳ ತುದಿಯಲ್ಲಿ ಗಾಳಗಳು.

"ಭಾವ, ಆ ಕೆಂಪು ದಾರ ನಂದೇ" ಅಂದ ಬಾಮೈದ.

ದಡಕ್ಕೆ ಬಂದು ಮೊಬೈಲಲ್ಲಿ ತೆಗೆದ ಪರದೆಯ ಫೋಟೋ ತೋರಿಸಿದರೆ, ಏರಿ ಮೇಲೆ ದನ ಕಾಯುತ್ತಿದ್ದ ತಾತ ನಕ್ಕರು. "ಪಂಚಾಯ್ತಿ ಬೋರು ಕಣಪ್ಪ ಅದು. ಕೆರೆ ಒಣಗಿದ್ದಾಗ ಕೊರೆಸಿದ್ರು, ನೀರು ಬರಲಿಲ್ಲ, ಬಿಟ್ರು. ನಾನು ನಿನ್ನ ಬಾಮೈದನಿಗೆ ಆಗಲೇ ಹೇಳಿದ್ದೆ. ಅವನು ದೊಡ್ಡ ಮೀನು ಅಂತಿದ್ದ."

ಬಾಮೈದನನ್ನು ನೋಡಿದೆ. ಅವನು ಎರೆಹುಳದ ಡಬ್ಬಿ ನೋಡುತ್ತಿದ್ದ.

ಗಾಳದ ಮಟ್ಟಿಗೆ ಪ್ರಕರಣ ಅಲ್ಲಿಗೆ ಮುಗಿಯಿತು. ಆದರೆ ಆ ಫೋಟೋ ನನಗೆ ಸರಿ ಕಾಣಲಿಲ್ಲ. ಪೈಪಿನ ಬಾಯಿ ತೆರೆದೇ ಇತ್ತು. ನಾವು ನೋಡುತ್ತಿದ್ದ ಹಾಗೆ ಒಂದು ಸಣ್ಣ ಜಿಲೇಬಿ (ತಿಲಾಪಿಯಾ) ಮೀನು ಅದರೊಳಗಿಂದ ಇಣುಕಿ ಹೊರಬಂತು. ಬಿಟ್ಟ ಬೋರುಗಳನ್ನು ಮುಚ್ಚಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಮಾರ್ಗಸೂಚಿ ಕೊಟ್ಟಿದೆ, ಅದು ಮಕ್ಕಳು ಬೀಳಬಾರದು ಅಂತ. ಇಲ್ಲಿ ಇನ್ನೊಂದು ಅಪಾಯವೂ ಇದೆ. ಶುದ್ಧ ಮಾಡಿದ ಕೊಳಚೆ ನೀರು ಮಣ್ಣಿನ ಪದರಗಳಲ್ಲಿ ಸೋಸಿಕೊಂಡು ಕೆಳಗಿಳಿಯಲಿ ಅನ್ನುವುದೇ ಯೋಜನೆಯ ನಂಬಿಕೆ. ತೆರೆದ ಬೋರು ಸೋಸದೆ ನೇರ ಕೆಳಕ್ಕೆ ಬಿಡುವ ಕೊಳವೆ. ಫೋಟೋವನ್ನು ಪಂಚಾಯ್ತಿ ಸದಸ್ಯರಿಗೆ ಕೊಟ್ಟೆವು. ನೀರು ಇಳಿದ ಮೇಲೆ ಮುಚ್ಚಿಸೋಣ ಅಂದರು. ಸದ್ಯಕ್ಕೆ ಗುತ್ತಿಗೆಯವರು ಅಲ್ಲಿ ಒಂದು ಕೆಂಪು ಕ್ಯಾನು ತೇಲಿಬಿಟ್ಟಿದ್ದಾರೆ, ಬಲೆ ಆ ಕಡೆ ಹೋಗದಿರಲಿ ಅಂತ.

ಮೀನು ಕಂಡಿತೇ ಅಂತ ಎಲ್ಲರೂ ಕೇಳುತ್ತಾರೆ. ಕಂಡಿತು, ದೊಡ್ಡದಲ್ಲ. ದಡದ ಹತ್ತಿರ ಮೂರಡಿ ನೀರಲ್ಲಿ ತಟ್ಟೆಯಂಥ ಗುಂಡಿಗಳು ಸಾಲಾಗಿದ್ದವು. ಗಂಡು ಜಿಲೇಬಿ ಬಾಯಲ್ಲಿ ಮಣ್ಣು ತೆಗೆದು ಮಾಡುವ ಗೂಡು ಅವು. ಕಾಟ್ಲ ಒಂದೂ ಕಾಣಲಿಲ್ಲ, ಅದು ಮೇಲಿನ ನೀರಲ್ಲಿ ಮೇಯುವ ಮೀನು, ನಮ್ಮ ಕ್ಯಾಮೆರಾ ತಳದಲ್ಲಿತ್ತು. ಲೆನ್ಸಿನ ಮುಂದೆ ಒಂದಡಿಗೆ ಕಡ್ಡಿ ಚಾಚಿ ಮೈದಾ ಉಂಡೆಯ ಗಾಳ ಕಟ್ಟಿದಾಗ ಮಾತ್ರ ಉಪಯೋಗದ ವಿಷಯ ತಿಳಿಯಿತು. ಗೆಂಡೆಯೊಂದು ಮೀಸೆ ಆಡಿಸುತ್ತಾ ಬಂತು, ಉಂಡೆಯನ್ನು ಒಳಗೆಳೆದು ಮತ್ತೆ ಉಗಿಯಿತು. ಹೀಗೆ ಮೂರು ಸಲ. ಮೇಲಿನ ಬೆಂಡು ಅಲುಗಲೇ ಇಲ್ಲ. ಬಾಮೈದ ಅವತ್ತೇ ಸಣ್ಣ ಗಾಳ, ಸಣ್ಣ ಉಂಡೆ, ಹಗುರ ಬೆಂಡಿಗೆ ಬದಲಾದ. ಈಗ ಸಾರಿಗೆ ಆಗುವಷ್ಟು ತರುತ್ತಾನೆ.

ಕ್ಯಾಮೆರಾ ಅಂಗಡಿಯ ಗೋಡೆಗೆ ನೇತುಹಾಕಿದೆ. ಹೋದ ವಾರ ಪಕ್ಕದೂರಿನ ಒಬ್ಬರು ಬಂದು ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಅವರ ಬೋರಿನಲ್ಲಿ ಮೋಟಾರು ಸಿಕ್ಕಿಕೊಂಡಿದೆ. ಎಲ್ಲಿ, ಹೇಗೆ ಸಿಕ್ಕಿದೆ ನೋಡಿಕೊಡಿ ಅಂದರು.

"ಎಷ್ಟು ಆಳ ಸ್ವಾಮಿ?" ಅಂತ ಕೇಳಿದೆ.

"ಸಾವಿರದ ಇನ್ನೂರಡಿ."

ನನ್ನ ಹಗ್ಗದಲ್ಲಿ ಹನ್ನೆರಡು ಗಂಟು ಇವೆ ಅಂತ ತೋರಿಸಿದೆ.